ನೀರು ಉಳಿಸಿದ ಮೇಲೆ ಎಸ್‌ಟಿಪಿ ನಾರುವುದೇಕೆ?

ಪ್ರಶ್ನೆ: ನಮ್ಮದು 200 ಮನೆಗಳ ಅಪಾರ್ಟ್‌ಮೆಂಟ್, ಸುಮಾರು 800 ಜನ. ನಲ್ಲಿಗಳಿಗೆ ನೀರು ಉಳಿಸುವ ಏರೇಟರ್ ಹಾಕಿಸಿದ ಮೇಲೆ ಕೊಳಚೆ ನೀರು ದಿನಕ್ಕೆ 1 ಲಕ್ಷ ಲೀಟರಿನಿಂದ 75 ಸಾವಿರಕ್ಕೆ ಇಳಿಯಿತು. ಕರೆಂಟ್ ಉಳಿಸಲು, ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಗಾಳಿ ಊದುವ ಬ್ಲೋವರನ್ನು ರಾತ್ರಿ ನಿಲ್ಲಿಸುತ್ತೇವೆ. ಈಗ ಎಸ್‌ಟಿಪಿ ನಾರುತ್ತಿದೆ, ಅದರ ನೀರು ಬಳಸಲಾಗದೆ ಫ್ಲಶ್‌ಗೂ ಟ್ಯಾಂಕರ್ ನೀರೇ ಗತಿ. ತಪ್ಪೆಲ್ಲಿ?
– ಮ್ಯಾನೇಜರ್, ಬೆಂಗಳೂರು

ಉತ್ತರ: ಇಳಿದದ್ದು ನೀರು, ಕೊಳೆಯಲ್ಲ. ತಲೆಗೆ 45 ಗ್ರಾಂ ಎಂದು ಹಿಡಿದರೂ ದಿನಕ್ಕೆ 36 ಕಿಲೋ ಬಿಓಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಅಳತೆ) ಬಂದೇ ಬರುತ್ತದೆ. ಮೊದಲು ಲೀಟರಿಗೆ 360 ಮಿಲಿಗ್ರಾಂ ಇದ್ದದ್ದು ಈಗ 480. ಆ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಕ್ಕೆ ಮೊದಲಿನಷ್ಟೇ ಗಾಳಿ ಬೇಕು. ನೀವು ಕತ್ತರಿಸಿದ್ದು ಅದನ್ನೇ!

ರಾತ್ರಿಯೂ ಬ್ಲೋವರ್ ಓಡಲಿ. ಬ್ಲೋವರ್ ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಬೇಕು. ದಿನಾ ಆ ಟ್ಯಾಂಕಿನ ನೀರನ್ನು 1 ಲೀಟರ್ ಅಳತೆ ಜಾಡಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಬಿಡಿ. ಕಂದು ಗಸಿ ಕೆಳಗಿಳಿದು ಮೇಲೆ ತಿಳಿನೀರು ನಿಂತರೆ ಸರಿ. ಗಸಿ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ.

ಆಪರೇಟರನ್ನು ಬೈಯಬೇಡಿ. ಕರೆಂಟ್ ಬಿಲ್ಲೊಂದನ್ನೇ ಹಿಡಿದು ಅವನ ಕೆಲಸ ಅಳೆದರೆ ಅವನು ಸ್ವಿಚ್ ಆರಿಸದೆ ಇನ್ನೇನು ಮಾಡಿಯಾನು? ಬ್ಲೋವರ್ ಕರೆಂಟು, ಟ್ಯಾಂಕರ್ ಖರ್ಚು, ಮರುಬಳಕೆಯಾದ ನೀರು – ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ತಿಂಗಳ ಸಭೆಗೆ ತನ್ನಿ.