ಗರ್ಭನಿರೋಧಕದ ಖರ್ಚನ್ನು ಆರೋಗ್ಯ ವಿಮೆ ಭರಿಸಬೇಕೆ?

ಬಸಿರು ಕಾಯಿಲೆಯಲ್ಲ, ಅದನ್ನು ತಡೆಯುವ ಖರ್ಚನ್ನು ಇತರರು ಕಟ್ಟಿದ ಪ್ರೀಮಿಯಂನಿಂದ ಏಕೆ ಕೊಡಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತವಲ್ಲವೇ ಎಂದು ತಾವು ಕೇಳಿದ್ದೀರಿ. ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಕುಮಟಾದವರು. ನನ್ನ ತಂಗಿಗೆ ಹೃದಯದ ಕವಾಟದ ತೊಂದರೆ ಇದೆ. ನಮ್ಮ ಕಡೆ ಇಂಥ ಬಸುರಿಯರನ್ನು ಮಂಗಳೂರಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಕರೆದೊಯ್ಯುವುದು ರೂಢಿ; ಅವಳ ಎರಡನೆಯ ಸಿಸೇರಿಯನ್ ಮಂಗಳೂರಿನಲ್ಲಿ ಆಯಿತು. ಮತ್ತೊಂದು ಬಸಿರು ಜೀವಕ್ಕೇ ಅಪಾಯವೆಂದು ಹೇಳಿದ ವೈದ್ಯರು, ಅವಳ ಒಪ್ಪಿಗೆ ಪಡೆದು, ಅದೇ ವೇಳೆ ಮಕ್ಕಳಾಗದ ಆಪರೇಷನ್ನನ್ನೂ ಮಾಡಿದರು. ಅವಳ ಯಜಮಾನರ ಕಚೇರಿಯ ವಿಮೆ ಹೆರಿಗೆಯ ಹಣವನ್ನು ಕೊಟ್ಟಿತು. ಕಡಿತದ ಪತ್ರದಲ್ಲಿ ಆಪರೇಷನ್ನಿನ ಸಾಲಿನ ಎದುರು ಮಾತ್ರ ಸೊನ್ನೆ, ಪಕ್ಕದಲ್ಲಿ ‘ಎಕ್ಸ್‌ಕ್ಲೂಷನ್ 17’ ಎಂದಿತ್ತು, ಅಂದರೆ ವಿಮೆ ಭರಿಸದೆ ಹೊರಗಿಟ್ಟ ಖರ್ಚುಗಳ ಪಟ್ಟಿಯ 17ನೆಯದು. ಮೂರನೆಯ ಸಲ ಬಸಿರಾಗಿ ಐಸಿಯು ಸೇರಿದ್ದರೆ ಲಕ್ಷಗಟ್ಟಲೆ ಹಣ ತೆರಬೇಕಾಗಿ ಬರಬಹುದಿದ್ದ ವಿಮೆ, ಆ ಆಪತ್ತನ್ನೇ ಇಲ್ಲವಾಗಿಸಿದ ಖರ್ಚನ್ನು ತಳ್ಳಿಹಾಕಿತ್ತು.

ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಪಾಲಿಸಿಗಳ ಹೊರಗಿಡುವಿಕೆಗಳಿಗೆ ಏಕರೂಪದ ಭಾಷೆಯನ್ನು ಗೊತ್ತುಪಡಿಸಿತು. ಅದರ 17ನೆಯದು ಬಂಜೆತನಕ್ಕೆ ಸಂಬಂಧಿಸಿದ್ದು. ಎಲ್ಲ ಬಗೆಯ ಗರ್ಭನಿರೋಧಕ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಬಾಡಿಗೆ ತಾಯ್ತನದ ಜೊತೆಗೇ ಅದರಲ್ಲಿ ಸೇರಿಹೋಗಿವೆ. ಮಕ್ಕಳು ಬೇಕೆನ್ನುವವರ ಚಿಕಿತ್ಸೆಯನ್ನೂ ಸಾಕೆನ್ನುವವರ ಚಿಕಿತ್ಸೆಯನ್ನೂ ಒಂದೇ ಗಂಟು ಕಟ್ಟಿ ಹೊರಗಿಟ್ಟಿರುವುದು ನನಗೆ ಸರಿಕಾಣುವುದಿಲ್ಲ.

ಉಚಿತವಾಗಿ ಸಿಗುತ್ತದೆ ಎಂಬ ಮಾತು ನಿಜ. 1952ರಲ್ಲೇ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡ ದೇಶ ನಮ್ಮದು. ನಿರೋಧ್, ಮಾಲಾ-ಎನ್, ವಾರದ ಛಾಯಾ ಮಾತ್ರೆ, ಕಾಪರ್-ಟಿ, 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಇವೆಲ್ಲ ಸರ್ಕಾರಿ ವ್ಯವಸ್ಥೆಯಲ್ಲಿವೆ, ಮನೆಮನೆಗೆ ಬಂದು ತಿಳಿಹೇಳುವ ಆಶಾ ಕಾರ್ಯಕರ್ತೆಯರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಡೆಂಗಿಗೂ ಹಾವು ಕಚ್ಚಿದ್ದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. ಹಾಗೆಂದು ಖಾಸಗಿಯಲ್ಲಿ ದಾಖಲಾದವರಿಗೆ ವಿಮೆ ಹಣ ನಿರಾಕರಿಸುವುದಿಲ್ಲವಲ್ಲ.

ಕಾಂಡೋಮು, ಮಾತ್ರೆಗಳ ಸಣ್ಣ ಖರ್ಚನ್ನು ನಾನು ಕೇಳುತ್ತಿಲ್ಲ. ವೈದ್ಯರ ಕೈಯಿಂದಲೇ ಆಗಬೇಕಾದವುಗಳನ್ನು, ಅಂದರೆ ಕಾಪರ್-ಟಿ ಅಳವಡಿಕೆ, ಹೆಂಗಸರ ಆಪರೇಷನ್, ಗಂಡಸರ ವ್ಯಾಸೆಕ್ಟಮಿ ಇವನ್ನು ಸೇರಿಸಬೇಕು. ಇವುಗಳಲ್ಲಿ ಕೆಲವಕ್ಕೆ ಇಡೀ ದಿನ ದಾಖಲಾಗುವ ಅಗತ್ಯವೇ ಇಲ್ಲದ್ದರಿಂದ ಕನಿಷ್ಠ 24 ಗಂಟೆ ದಾಖಲಾಗಿರಬೇಕೆಂಬ ವಿಮೆಯ ಷರತ್ತನ್ನೂ ಸಡಿಲಿಸಬೇಕಾಗುತ್ತದೆ. ಇದು ವಿಮೆಗೆ ಹೊರಗಿನ ವಿಷಯವೂ ಅಲ್ಲ: ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಯೋಜನೆಯು ಟ್ಯೂಬೆಕ್ಟಮಿಗೆ (ಹೆಂಗಸರ ಆಪರೇಷನ್‌ಗೆ) 14 ದಿನ, ವ್ಯಾಸೆಕ್ಟಮಿಗೆ 7 ದಿನ ಪೂರ್ಣ ಕೂಲಿಯನ್ನು ಕೊಡುತ್ತದೆ. ಅಮೆರಿಕದಲ್ಲಿ ‘ಒಬಾಮಾಕೇರ್’ ಎಂದು ಕರೆಯುವ 2010ರ ಆರೋಗ್ಯ ಕಾಯ್ದೆಯ ಬಲದಿಂದ ಬಹುತೇಕ ವಿಮೆಗಳು ಈ ಖರ್ಚನ್ನು ಭರಿಸುತ್ತವೆ. ಧಾರ್ಮಿಕ ಆಕ್ಷೇಪವಿರುವ ಕೆಲವು ಮಾಲೀಕರಿಗೆ ಅಲ್ಲಿನ ಸುಪ್ರೀಂ ಕೋರ್ಟು 2014ರಲ್ಲಿ ವಿನಾಯಿತಿ ನೀಡಿತು.

ತಮ್ಮದು ಕಚೇರಿಯ ಗುಂಪು ವಿಮೆಯಾಗಿದ್ದರೆ, ನವೀಕರಣಕ್ಕೆ ಮೊದಲೇ ಈ ರಕ್ಷಣೆಯನ್ನು ಸೇರಿಸುವಂತೆ ಕಚೇರಿಯವರನ್ನು ಲಿಖಿತವಾಗಿ ಕೇಳಿ. ತಂಗಿಯ ಯಜಮಾನರು ಈ ವರ್ಷ ಹಾಗೆ ಬರೆದಿದ್ದಾರೆ, ಆ ಕಡಿತದ ಪತ್ರದ ಪ್ರತಿಯನ್ನೂ ಲಗತ್ತಿಸಿದ್ದಾರೆ.