ಹಳೇ ಆಕ್ಟೇವಿಯಾ ಆರ್‌ಎಸ್ ಕಾರು ಮಾರೋದಾ, ಇಟ್ಕೊಂಡು ರೆಡಿ ಮಾಡ್ಸೋದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನತ್ರ 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಇದೆ, ಸೆಕೆಂಡ್ ಓನರ್, 78 ಸಾವಿರ ಕಿಲೋಮೀಟರ್ ಆಗಿದೆ. 2025ರಲ್ಲಿ ಹೊಸ ಆರ್‌ಎಸ್ ಬಂದಾಗಿಂದ ತಲೇಲಿ ಅದೇ ಓಡ್ತಿದೆ, ಯಾರಾದ್ರೂ ಮಾರಿದ್ರೆ ಸಾಲ ಮಾಡಿಯಾದ್ರೂ ತಗೊಳ್ಳೋಣ ಅನ್ಸತ್ತೆ. ಫ್ರೆಂಡ್ ಮಾತ್ರ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಾಯ್ಸಿ ಪವರ್ ಜಾಸ್ತಿ ಮಾಡೋದು) ಮಾಡ್ಸು, ಹೊಸದನ್ನೇ ಹಿಂದೆ ಹಾಕ್ತೀಯ ಅಂತಾನೆ. ಈಗ್ಲೇ ಸೆಕೆಂಡ್ ಗೇರಲ್ಲಿ ಜೋರಾಗಿ ತುಳಿದ್ರೆ ಮುಂದಿನ ಚಕ್ರ ಸ್ಪಿನ್ ಆಗತ್ತೆ, ಚಾರ್ಮಾಡಿ ಇಳಿಯುವಾಗ ಒಂದ್ಸಲ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗ್ಬಿಡ್ತು. ಏನ್ ಮಾಡ್ಲಿ? (ಓದುಗರು, ರಾಜಾಜಿನಗರ)

ಉತ್ತರ: ಮೊದ್ಲು ದುಡ್ಡಿನ ಲೆಕ್ಕ ನೋಡಿ ಸಾರ್. ಹೊಸ ಆರ್‌ಎಸ್ 2025ರಲ್ಲಿ ಇಂಡಿಯಾಕ್ಕೆ ಬಂದಿದ್ದೇ 100 ಗಾಡಿ, ಪೂರ್ತಿ ಇಂಪೋರ್ಟು, ಆಗ ಎಕ್ಸ್‌ಶೋರೂಮ್ 49.99 ಲಕ್ಷ ಇತ್ತು, ನಮ್ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸು 18 ಪರ್ಸೆಂಟು, ಅದ್ರ ಮೇಲೆ ಸೆಸ್ಸು, ಬರೀ ಟ್ಯಾಕ್ಸೇ 9 ಲಕ್ಷ ದಾಟತ್ತೆ, ಇನ್ಶೂರೆನ್ಸ್ ಎಲ್ಲಾ ಸೇರಿದ್ರೆ 60ರ ಆಚೆ. ಇದಕ್ಕೆ ಸಿಗೋದೇನು ಅಂದ್ರೆ ನಿಮ್ದು 230 ಪಿಎಸ್ ಪವರ್ರು, 350 ಎನ್‌ಎಂ ಟಾರ್ಕು (ಎಳೆಯೋ ಬಲ), ಅದು 265 ಪಿಎಸ್, 370 ಎನ್‌ಎಂ. ಸೊನ್ನೆಯಿಂದ ನೂರಕ್ಕೆ ಅದು 6.4 ಸೆಕೆಂಡು, ನಿಮ್ದೂ ಹೊಸದಿದ್ದಾಗ ಏಳರ ಒಳಗೇ ಮುಟ್ತಿತ್ತು. ಹೊಸ ಇಂಟೀರಿಯರ್ರು, ದೊಡ್ಡ ಸ್ಕ್ರೀನು ಬೇಕು ಅಂತಿದ್ರೆ ಅದು ಬೇರೆ ಮಾತು, ಆಸೆಗೆ ಲೆಕ್ಕ ಹೇಳೋಕಾಗಲ್ಲ. ಆದ್ರೆ ಸ್ಪೀಡಿಗೋಸ್ಕರ ಅಂದ್ರೆ ಬೇಡ.

ನಿಮ್ ಫ್ರೆಂಡ್ ಹೇಳಿದ್ದು ತಪ್ಪಲ್ಲ, ಆದ್ರೆ ರೀಮ್ಯಾಪ್ ಕ್ಯೂನಲ್ಲಿ ಕೊನೇದು. ನೀವು ಬರೆದಿರೋ ಎರಡು ತೊಂದ್ರೆ ನೋಡಿ, ಎರಡೂ ಪವರ್ ಕಮ್ಮಿ ಅಂತ ಹೇಳ್ತಿಲ್ಲ, ಇರೋ ಪವರ್ರು ರೋಡಿಗೆ ಇಳೀತಿಲ್ಲ, ಇಳಿದದ್ದು ನಿಲ್ತಿಲ್ಲ ಅಂತ ಹೇಳ್ತಿವೆ. ಅಂಥಾ ಗಾಡಿಗೆ ಇನ್ನೂ 70 ಪಿಎಸ್ ಸೇರ್ಸೋದು ಅಂದ್ರೆ ಉರಿಯೋ ಒಲೆಗೆ ತುಪ್ಪ ಸುರಿದಂಗೆ.

ಟೈರಿಂದ ಶುರು ಮಾಡಿ. ಸೈಡ್‌ವಾಲ್ ಮೇಲೆ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರತ್ತೆ, 2318 ಅಂತಿದ್ರೆ 2018ರ 23ನೇ ವಾರದಲ್ಲಿ ಮಾಡಿದ ಟೈರು ಅಂತ. ಹೊರಗಡೆ ಸೈಡಲ್ಲಿ ಕಾಣ್ಲಿಲ್ಲಾಂದ್ರೆ ಬಗ್ಗಿ ಒಳಗಡೆ ನೋಡಿ, ಎಷ್ಟೋ ಟೈರಲ್ಲಿ ಒಂದೇ ಕಡೆ ಹಾಕಿರ್ತಾರೆ. ಸೆಕೆಂಡ್ ಓನರ್ ಅಂತೀರ, ಗಾಡಿ ಜೊತೆ ಬಂದ ಟೈರೇ ಇನ್ನೂ ಇದ್ರೆ ಗ್ರೂವ್ ಎಷ್ಟೇ ಉಳಿದಿರ್ಲಿ ರಬ್ಬರ್ ಗಟ್ಟಿಯಾಗಿರತ್ತೆ, ಸ್ಪಿನ್ ಆಗ್ದೆ ಇನ್ನೇನಾಗತ್ತೆ. ಒಳ್ಳೇ ಪರ್ಫಾರ್ಮೆನ್ಸ್ ಟೈರು ನಾಲ್ಕೂ ಒಟ್ಟಿಗೆ ಹಾಕ್ಸಿ, ಲೋಡ್ ಇಂಡೆಕ್ಸು (ಎಷ್ಟು ಭಾರ ತಡೆಯತ್ತೆ), ಸ್ಪೀಡ್ ರೇಟಿಂಗು (ಎಷ್ಟು ಸ್ಪೀಡ್ ತಡೆಯತ್ತೆ) ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಬೇಡ. ಇದೊಂದರಿಂದ್ಲೇ ಗಾಡಿ ಬೇರೆ ಥರ ಓಡತ್ತೆ, ತಮಾಷೆ ಅಲ್ಲ.

ಆಮೇಲೆ ಬ್ರೇಕು. ಪೆಡಲ್ ಮೆತ್ತಗಾಗಿ ಒಳಗೆ ಹೋಯ್ತು ಅಂದ್ರಲ್ಲ, ಅದು ಸಾಮಾನ್ಯವಾಗಿ ಫ್ಲೂಯಿಡ್ ಕುದ್ದಿರೋ ಲಕ್ಷಣ. ಬ್ರೇಕ್ ಫ್ಲೂಯಿಡ್ಡು ಗಾಳಿಯಿಂದ ತೇವ ಎಳ್ಕೊಳ್ತಾ ಹೋಗತ್ತೆ, ವರ್ಷ ಕಳೆದಂಗೆ ಅದರ ಬಾಯ್ಲಿಂಗ್ ಪಾಯಿಂಟ್ ಇಳಿಯತ್ತೆ, ಘಾಟಲ್ಲಿ ಕಾಲು ಎತ್ದೇ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಕ್ಯಾಲಿಪರ್ ಒಳಗೆ ಆವಿ ಗುಳ್ಳೆ ಆಗತ್ತೆ, ನೀವು ತುಳಿಯೋದೆಲ್ಲಾ ಆ ಗುಳ್ಳೆ ಅದುಮೋಕೇ ಹೋಗತ್ತೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಮಾತ್ರ ನಿಲ್ಲದಿದ್ರೆ ಆಗ ಪ್ಯಾಡ್ ಬಿಸಿಯಾಗಿ ಕಚ್ತಿಲ್ಲ ಅಂತ. ನಿಮ್ದು ಮೊದಲನೇದು. ಡಾಟ್ 4 ಗ್ರೇಡಿನ ಹೊಸ ಬ್ರೇಕ್ ಫ್ಲೂಯಿಡ್ ಹಾಕ್ಸಿ, ಎರಡು ವರ್ಷಕ್ಕೊಂದ್ಸಲ ಬದಲಾಯ್ಸಿ, ಪ್ಯಾಡ್ ಒಂದು ಗ್ರೇಡ್ ಮೇಲಿಂದು ತಗೊಳ್ಳಿ, ಇಳಿಯುವಾಗ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನ ಮ್ಯಾನುಯಲ್ ಮೋಡಿಗೆ ಹಾಕಿ ಗೇರಲ್ಲೇ ತಡೀರಿ. ರೀಮ್ಯಾಪ್ ಕನಸು ಇರೋರು ಒಂದು ತಿಳ್ಕೊಂಡಿರಿ, 100ರ ಬದ್ಲು 120ರಿಂದ ನಿಲ್ಸೋಕೆ ಬ್ರೇಕು ನುಂಗ್ಬೇಕಾದ ಶಾಖ 44 ಪರ್ಸೆಂಟ್ ಜಾಸ್ತಿ, 20 ಪರ್ಸೆಂಟ್ ಅಲ್ಲ.

78 ಸಾವಿರಕ್ಕೆ ಡ್ಯಾಂಪರ್ರು (ಶಾಕ್ ಅಬ್ಸಾರ್ಬರ್), ಕಂಟ್ರೋಲ್ ಆರ್ಮ್ ಬುಷ್ಷು, ಎಂಜಿನ್ ಮೌಂಟು ಎಲ್ಲಾ ಚೆಕ್ ಮಾಡ್ಸಿ. ದಿನಾ ಓಡ್ಸೋರಿಗೆ ಇವು ಸವೆದಿದ್ದೇ ಗೊತ್ತಾಗಲ್ಲ, ನಿಧಾನಕ್ಕೆ ಹೋಗೋದಲ್ವಾ. ಡಿಎಸ್‌ಜಿ ಆಯಿಲ್ 60 ಸಾವಿರಕ್ಕೆ ಬದಲಾಗಿದ್ಯಾ ಅಂತ ಹಳೇ ಬಿಲ್ ತೆಗೆದು ನೋಡಿ, ನಿಮ್ದು ವೆಟ್ ಕ್ಲಚ್ (ಆಯಿಲಲ್ಲಿ ಮುಳುಗಿರೋ ಕ್ಲಚ್) ಆರು ಗೇರಿಂದು, ಬಿಲ್ ಸಿಗ್ಲಿಲ್ಲಾಂದ್ರೆ ಬದಲಾಗಿಲ್ಲ ಅಂತ್ಲೇ ತಿಳ್ಕೊಂಡು ಮಾಡ್ಸಿ.

ಇಷ್ಟೆಲ್ಲಾ ಆದ್ಮೇಲೆ ಒಂದು ಮೂರು ತಿಂಗಳು ಓಡ್ಸಿ. ಆಗ್ಲೂ ಸಾಲಲ್ಲ ಅನ್ಸಿದ್ರೆ ರೀಮ್ಯಾಪ್. ಈ 2 ಲೀಟರ್ ಟರ್ಬೋ ಎಂಜಿನ್ನು ಬರೀ ಸಾಫ್ಟ್‌ವೇರಲ್ಲಿ 300 ಪಿಎಸ್ ಸುತ್ತಮುತ್ತ ಕೊಡತ್ತೆ, ಯಾಕಂದ್ರೆ ಕಂಪನಿಯವ್ರೇ ಬೂಸ್ಟನ್ನ (ಟರ್ಬೋ ತುಂಬೋ ಗಾಳಿ ಒತ್ತಡ) ಬಿಗಿ ಹಿಡಿದು ಬಿಟ್ಟಿರ್ತಾರೆ. ಆದ್ರೆ ಟಾರ್ಕು 400 ಎನ್‌ಎಂ ಹತ್ರ ಹೋದ್ರೆ ಗೇರ್‌ಬಾಕ್ಸಿಗೂ ಟ್ಯೂನ್ ಮಾಡ್ಸ್ಬೇಕಾಗತ್ತೆ, ಮತ್ತೆ ಜಾಸ್ತಿ ಆಕ್ಟೇನ್ (ನಾಕಿಂಗ್ ಅಂದ್ರೆ ಎಂಜಿನ್ ಒಳಗಿನ ಬಡಿತ ತಡೆಯೋ ಶಕ್ತಿ) ಪೆಟ್ರೋಲಿಗೆ ಬರೆದ ಮ್ಯಾಪಿಗೆ ಊರಾಚೆ ಬಂಕಲ್ಲಿ ಸಾದಾ ಪೆಟ್ರೋಲ್ ಹಾಕಿದ್ರೆ ಎಂಜಿನ್ ನಾಕಿಂಗ್ ತಡ್ಕೊಳ್ಳೋಕೆ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆಯತ್ತೆ, ಕೊಟ್ಟ ದುಡ್ಡಿನ ಪವರ್ ಅಲ್ಲೇ ಹೋಯ್ತು. ಬೆಂಗ್ಳೂರಲ್ಲಿ ಎಕ್ಸ್‌ಪಿ 100 ಅನ್ನೋ ಜಾಸ್ತಿ ಆಕ್ಟೇನ್ ಪೆಟ್ರೋಲ್ ಸಿಗತ್ತೆ, ಧರ್ಮಸ್ಥಳದ ದಾರೀಲಿ ಪ್ರತೀ ಬಂಕಲ್ಲೂ ಸಿಗತ್ತೆ ಅಂದ್ಕೋಬೇಡಿ. ಶೋರೂಮಲ್ಲಿ ಸ್ಕ್ಯಾನ್ ಮಾಡಿದ್ರೆ ಟ್ಯೂನ್ ಆಗಿರೋದು ಗೊತ್ತಾಗಿ ಟಿಡಿ1 (ಟ್ಯೂನ್ ಆಗಿದೆ, ವಾರಂಟಿ ಕೊಡೋ ಹಾಗಿಲ್ಲ ಅನ್ನೋ ಕಂಪನಿ ಕೋಡು) ಅಂತ ಗುರುತು ಬೀಳ್ಬಹುದು. ಇನ್ಶೂರೆನ್ಸಿಗೆ ಹೇಳ್ದೇ ಮಾಡಿದ್ರೆ ಕ್ಲೈಮ್ ಟೈಮಲ್ಲಿ ತಕರಾರು ತೆಗೆಯೋಕೆ ಅವರಿಗೊಂದು ನೆಪ. ಇವೆಲ್ಲಾ ಒಪ್ಪಿಗೆ ಇದ್ರೆ ಮಾಡ್ಸಿ, ನಾನಾಗಿದ್ರೆ ಟೈರು, ಬ್ರೇಕು, ಡ್ಯಾಂಪರಿಗೇ ನಿಲ್ತಿದ್ದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ ಇದೀನಿ, 2016ರ ಮಾಜ್ದಾ ಎಂಎಕ್ಸ್-5 (ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರು) ಇದೆ. ಪವರ್ ಸಾಲ್ತಿಲ್ಲ, ಗಾಡಿ ಬಿಡೋಕೂ ಮನಸ್ಸಿಲ್ಲ, ಟರ್ಬೋ ಕಿಟ್ ಹಾಕ್ಸ್ಲಾ? (ಓದುಗರು, ಸ್ಯಾನ್ ಹೋಸೆ)

ಉತ್ತರ: ನಿಮಗೆ ಮೇಲಿನ ಉತ್ತರದ ಉಲ್ಟಾ ಹೇಳ್ತೀನಿ. ಪವರ್ರೇ ಬೇಕು ಅಂದ್ರೆ ಮಾರಿ 2019ರದ್ದು ಇಲ್ಲಾ ಅದರ ನಂತರದ್ದು ತಗೊಳ್ಳಿ. ನಿಮ್ದು 155 ಹಾರ್ಸ್‌ಪವರ್, 2019ರಿಂದ ಅದೇ 2 ಲೀಟರ್ ಎಂಜಿನ್ನನ್ನ ಒಳಗಿಂದ ತಿದ್ದಿ 181 ಮಾಡಿದ್ರು, ರೆಡ್‌ಲೈನು (ಎಂಜಿನ್ ತಿರುಗೋ ಗರಿಷ್ಠ ಮಿತಿ) 6,800 ಆರ್‌ಪಿಎಂನಿಂದ 7,500ಕ್ಕೆ ಹೋಯ್ತು, ಎಳೆಯೋ ಖುಷಿಯೇ ಬೇರೆ. ಟರ್ಬೋ ಕಿಟ್ ಕತೆ ಏನಂದ್ರೆ, ಅಲ್ಲಿ ಎಮಿಷನ್‌ಗೆ ಸಂಬಂಧ ಪಟ್ಟ ಹೊರಗಿಂದ ಹಾಕೋ ಯಾವುದೇ ಪಾರ್ಟಿಗೂ ಕಾರ್ಬ್ (ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ಮಂಡಳಿ) ಕೊಡೋ ಎಕ್ಸಿಕ್ಯೂಟಿವ್ ಆರ್ಡರ್ ಅನ್ನೋ ಒಪ್ಪಿಗೆ ನಂಬರ್ ಇರ್ಬೇಕು, ಇಲ್ಲಾಂದ್ರೆ ಎರಡು ವರ್ಷಕ್ಕೊಮ್ಮೆ ಮಾಡೋ ಸ್ಮಾಗ್ ಚೆಕ್ಕಲ್ಲಿ (ಹೊಗೆ ಪರೀಕ್ಷೆ) ಬಾನೆಟ್ ಎತ್ತಿದ ತಕ್ಷಣ ಫೇಲು, ಹೊಗೆ ಎಷ್ಟೇ ಕ್ಲೀನ್ ಇದ್ರೂ ಅಷ್ಟೇ. ಪ್ರತೀ ಸಲ ಕಿಟ್ ಬಿಚ್ಚಿ ಹಾಕೋರು ಇದಾರೆ, ಆ ಸರ್ಕಸ್ ಬೇಡ.

ಪವರ್ ಸಾಲ್ತಿಲ್ಲ ಅನ್ನೋದು ಫ್ರೀವೇ ಮೇಲೆ ಮಾತ್ರ ಅನ್ಸಿ, ತಿರುವಲ್ಲಿ ಖುಷಿ ಇದೆ ಅಂದ್ರೆ ಇರೋದನ್ನೇ ಇಟ್ಕೊಳ್ಳಿ. ಸಾವಿರದ ಅರವತ್ತು ಕಿಲೋ ಹತ್ರ ತೂಗೋ ಗಾಡಿ ಅದು, ಅಲೈನ್‌ಮೆಂಟ್ ಸರಿಯಾಗಿ ಮಾಡ್ಸಿ 200 ಟ್ರೆಡ್‌ವೇರ್ (ಬೇಗ ಸವೆದ್ರೂ ಹಿಡಿತ ಜಾಸ್ತಿ ಇರೋ) ಟೈರ್ ಹಾಕಿದ್ರೆ ಥಂಡರ್‌ಹಿಲ್ ರೇಸ್ ಟ್ರ್ಯಾಕಲ್ಲಿ ದೊಡ್ಡ ದೊಡ್ಡ ಗಾಡಿಗೆ ಕಾಟ ಕೊಡತ್ತೆ. ಟ್ರ್ಯಾಕಿಗೆ ಹೋಗೋ ಪ್ಲಾನ್ ಇದ್ರೆ ಮೊದ್ಲು ರೋಲ್ ಬಾರ್, ಓಪನ್ ಗಾಡಿನ ಅದಿಲ್ದೇ ತುಂಬಾ ಕಡೆ ಒಳಗೇ ಬಿಡಲ್ಲ. ಲಗುನಾ ಸೆಕಾ ಟ್ರ್ಯಾಕಿಗೆ ಹೋದ್ರೆ ಸೌಂಡ್ ಲಿಮಿಟ್ ಎಷ್ಟು ಅಂತ ಕೇಳ್ಕೊಂಡು ಹೋಗಿ, ಬಹಳಷ್ಟು ದಿನ 90-92 ಡೆಸಿಬಲ್ ಅಷ್ಟೇ.

ಪ್ರಶ್ನೆ: ಪೋಲೋ ಜಿಟಿ ಟಿಎಸ್ಐಗೆ ಫ್ರೀ ಫ್ಲೋ ಎಕ್ಸಾಸ್ಟ್ (ಹೊಗೆಗೆ ತಡೆ ಕಮ್ಮಿ ಇರೋ ಸೈಲೆನ್ಸರ್) ಹಾಕ್ಸಿದ್ರೆ ಎಷ್ಟು ಬಿಎಚ್‌ಪಿ ಜಾಸ್ತಿ ಆಗತ್ತೆ? (ಓದುಗರು, ಹುಬ್ಬಳ್ಳಿ)

ಉತ್ತರ: ಹಿಂದಿನ ಮಫ್ಲರ್ ಒಂದೇ ಬದಲಾಯ್ಸಿದ್ರೆ ಹೇಳ್ಕೊಳ್ಳೋ ಅಷ್ಟೇನೂ ಆಗಲ್ಲ, ಸೌಂಡ್ ಬರತ್ತೆ ಅಷ್ಟೇ. ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ನ ಮನಸ್ಸಿಗೆ ಬಂದಂಗೆ ಬದಲಾಯ್ಸೋ ಹಾಗಿಲ್ಲ, 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೂ 5,000 ದಂಡ, ಆರು ತಿಂಗಳವರೆಗೆ ಜೈಲೂ ಇರ್ಬಹುದು. ಆಗ್ಲೇ ಹಾಕ್ಸಿದೀರ ಅಂತ ಡೌಟು ನಂಗೆ. ಹಾಕ್ಸಿದ್ರೆ ಕಂಪನಿ ಸೈಲೆನ್ಸರ್‌ನ ಗುಜರಿಗೆ ಹಾಕ್ಬೇಡಿ, ಮಾರುವಾಗ ಬೇಕಾಗತ್ತೆ, ಪೋಲೋ ಇಲ್ಲಿ 2022ರಲ್ಲೇ ನಿಂತಿರೋದ್ರಿಂದ ಮುಂದೆ ಅದು ಸಿಗೋದೂ ಕಷ್ಟ.