ಹೊಸ ಲಾರಿ ಚಾಲಕರಿಗೆ ಮೊದಲ ಕೆಲಸ ಮನೆ ಹತ್ತಿರವೇ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಸ್ವಲ್ಪ ಅಲೆಯಬೇಕು. ರಾತ್ರಿ ಮನೆಗೆ ಬಂದು ಮಲಗುವಂಥ ಕೆಲಸ ಎಲ್ಲರಿಗೂ ಬೇಕು, ಅಲ್ವಾ? ಅದಕ್ಕೇ ಮಾಲೀಕರು ಅನುಭವ ಇದ್ದವರನ್ನೇ ಆರಿಸುತ್ತಾರೆ. ಹೊಸಬರನ್ನು ಇಟ್ಟುಕೊಂಡರೆ ಎಷ್ಟೋ ಕಡೆ ವಿಮೆ ಖರ್ಚೂ ಜಾಸ್ತಿ. ಊರೊಳಗಿನ ಓಡಾಟ ಸುಲಭ ಅಂದುಕೊಳ್ಳಲೂ ಬೇಡಿ. ಹೆದ್ದಾರಿಯಲ್ಲಿ ನೇರ ಹೋಗುವುದಕ್ಕಿಂತ ಇಕ್ಕಟ್ಟಾದ ಗಲ್ಲಿಯಲ್ಲಿ ರಿವರ್ಸ್ ತೆಗೆಯುವುದೇ ಕಷ್ಟ.

ಹಾಗಾಗಿ ಹೆಚ್ಚು ಜನ ಮುಗಿಬೀಳದ ಕೆಲಸಗಳಿಂದ ಶುರುಮಾಡಿ: ಕಸದ ಗಾಡಿ, ಕಾಂಕ್ರೀಟ್ ಮಿಕ್ಸರ್, ಜಲ್ಲಿ ಟಿಪ್ಪರ್, ರಾತ್ರಿ ಪಾಳಿಯ ಸರಕು ಗಾಡಿ. ಗೋದಾಮಿನ ಅಂಗಳದೊಳಗೆ ಟ್ರೇಲರ್ ಸರಿಸುವ ಕೆಲಸ ಸಿಕ್ಕರಂತೂ ಬಿಡಬೇಡಿ. ರಿವರ್ಸ್ ಕೈಗೆ ಹತ್ತುವುದು ಅಲ್ಲೇ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಸುಮ್ನೆ ಕೂರಬೇಡಿ. ಹತ್ತಿರದ ಗೋದಾಮು, ಕ್ವಾರಿಗಳಿಗೆ ನೀವೇ ಹೋಗಿ, ರಜೆ ಹಾಕಿದವರ ಬದಲಿಗೆ ಬರುತ್ತೇನೆ ಎನ್ನಿ. ಹಾಗೆ ಬದಲಿಗೆ ಹೋದವರೇ ಕಾಯಂ ಆಗುವುದು ಹೊಸದೇನಲ್ಲ.

ಒಪ್ಪುವ ಮೊದಲು ಕೇಳಿಕೊಳ್ಳಿ: ಸಂಬಳ ಗಂಟೆ ಲೆಕ್ಕವೋ ಟ್ರಿಪ್ ಲೆಕ್ಕವೋ? ಲೋಡ್ ಇಳಿಸುವವರು ಯಾರು? ಕಾಯುವ ಹೊತ್ತಿಗೆ ದುಡ್ಡು ಕೊಡುತ್ತಾರಾ?

ಏನೂ ಸಿಗದಿದ್ದರೆ ಒಂದು ವರ್ಷ ದೂರದ ರೂಟ್ ಓಡಿಸಿ. ಅಪಘಾತ, ದಂಡ ಇಲ್ಲದ ಒಂದು ವರ್ಷದ ದಾಖಲೆ ಇದ್ದರೆ ಹತ್ತಿರದ ಮಾಲೀಕರೂ ನಿಮ್ಮ ಮಾತು ಕೇಳುತ್ತಾರೆ.